ಗದೆ ಹಿಡಿದ ನಾಗರತ್ನಮ್ಮ

ಅಲ್ ಬರ್ಷಾದ ನಮ್ಮ ಫ್ಲಾಟಿನಲ್ಲಿ ರಾಜ್ಯೋತ್ಸವದ ನಾಟಕದ ತಾಲೀಮು ನಡೆದಾಗ ದುರ್ಯೋಧನನ ಪಾತ್ರಕ್ಕೆ ಯಾರೂ ಒದಗಲಿಲ್ಲ. ಗಂಡಸರಿಗೆಲ್ಲ ಡ್ಯೂಟಿ. "ನಾನು ಮಾಡಲೇ?" ಎಂದು ಸೋದರಿಯೊಬ್ಬರು ಕೇಳಿದರು. ಹಲವರು ನಕ್ಕರು, ನಕ್ಕವರಲ್ಲಿ ನಾನೂ ಒಬ್ಬ. ಅದಕ್ಕೆ ಪ್ರಾಯಶ್ಚಿತ್ತವಾಗಿ ಈ ಕೆಲವು ಸಾಲುಗಳು.

ಗಂಡಸರು ಸೀರೆಯುಟ್ಟು ಹಾಡಿದಾಗ ನಮ್ಮ ಹಿರಿಯರು ನಗಲಿಲ್ಲ, 'ವನ್ಸ್ ಮೋರ್' ಎಂದರು. ಮರಾಠಿ ರಂಗದ ಬಾಲಗಂಧರ್ವರಿಗೆ, ನಮ್ಮ ಏಣಗಿ ಬಾಳಪ್ಪನವರಿಗೆ ಸ್ತ್ರೀಪಾತ್ರಗಳಿಂದಲೇ ಹೆಸರು ಬಂತು. ಮುಂದೆ ಗುಬ್ಬಿ ಕಂಪನಿಯಲ್ಲಿ ಮಳವಳ್ಳಿ ಸುಂದರಮ್ಮ, ಬಿ. ಜಯಮ್ಮ ಮೊದಲಾದವರು ಹಾಡಿ ನಟಿಸಿ ಜನಮನ ಗೆದ್ದರು. ಆದರೂ ಕಂಪನಿಯ ಯಜಮಾನಿಕೆ ಗಂಡಸರದೇ. ಚಪ್ಪಾಳೆ ತಟ್ಟಿದ ಊರೇ ನಟಿಗೆ ಬಾಡಿಗೆ ಮನೆ ಕೊಡಲು ಹಿಂಜರಿಯುತ್ತಿದ್ದ ಕಾಲವದು.

ಮೈಸೂರಿನಲ್ಲಿ 1926ರಲ್ಲಿ ಜನಿಸಿದ ಆರ್. ನಾಗರತ್ನಮ್ಮನವರು ಬಡತನದ ಮನೆಯಿಂದ ಬಂದು, ಇಂಥ ಕಂಪನಿಗಳಲ್ಲೇ ಪಳಗಿದವರು. 1958ರಲ್ಲಿ ಅವರು ಸ್ತ್ರೀ ನಾಟಕ ಮಂಡಳಿಯನ್ನು ಕಟ್ಟಿದರು. ಎಲ್ಲ ಪಾತ್ರಗಳೂ ಹೆಂಗಸರವೇ. ನಾಗರತ್ನಮ್ಮನವರು ತಮಗಾಗಿ ಆರಿಸಿಕೊಂಡದ್ದು ಸೀತೆ, ದ್ರೌಪದಿಯರನ್ನಲ್ಲ. ಕಂಸ, ರಾವಣ, ಭೀಮ, ದುರ್ಯೋಧನರನ್ನು! ಕಿರೀಟ, ಭುಜಕೀರ್ತಿಗಳ ಭಾರ ಹೊತ್ತು ಅಬ್ಬರಿಸಬೇಕು. ಮರುಕ್ಷಣ ಹಾರ್ಮೋನಿಯಂ ಶ್ರುತಿ ಹಿಡಿದು ಕಂದಪದ್ಯ ಹಾಡಬೇಕು. ಅಬ್ಬರಿಸಿದ ಗಂಟಲಿನಲ್ಲಿ ಶ್ರುತಿ ನಿಲ್ಲಿಸುವುದು ಎಷ್ಟು ಕಷ್ಟವೆಂದು ಹಾಡುವವರಿಗೇ ಗೊತ್ತು. ಅವರ ಕಂಸನಂತೂ ಮನೆಮಾತಾದ.

ಬಾಗಿಲು ಮುಚ್ಚಿದ್ದುದು ನಮ್ಮಲ್ಲಿ ಮಾತ್ರವಲ್ಲ. ಅಮೆರಿಕದ ಕಪ್ಪು ಗಾಯಕಿ ಮರಿಯನ್ ಆಂಡರ್ಸನ್ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದಲ್ಲಿ ಪಾತ್ರವಹಿಸಿ ಹಾಡಿದ್ದು 1955ರಲ್ಲಿ. ಆಗ ಅವರಿಗೆ 57 ವರ್ಷ! ಆಕೆಗೆ ಬೇರೆಯವರು ಬಾಗಿಲು ತೆರೆಯುವವರೆಗೆ ಕಾಯಬೇಕಾಯಿತು; ನಾಗರತ್ನಮ್ಮನವರು ತಮ್ಮದೇ ಬಾಗಿಲು ಮಾಡಿಕೊಂಡರು. ನನಗೆ ಇದು ಹೆಚ್ಚಿನ ಸಾಹಸವೆನಿಸುತ್ತದೆ.

ಮನ್ನಣೆ ಮಾತ್ರ ನಿಧಾನವಾಗಿ ಬಂತು. ಕೇಂದ್ರ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ 1992ರಲ್ಲಿ, ಪದ್ಮಶ್ರೀ 2012ರಲ್ಲಿ. ಅದೇ ವರ್ಷ ಅಕ್ಟೋಬರ್ 6ರಂದು ಅವರು ತೀರಿಕೊಂಡರು.

ಅಂದಹಾಗೆ, ನಮ್ಮ ಸೋದರಿಯ ದುರ್ಯೋಧನನಿಗೆ ಗದೆ ಸಿದ್ಧವಾಗಿದೆ. ಮೀಸೆ ಅಂಟಿಸುವ ಗೋಂದನ್ನು ಊರಿನಿಂದ ಬರುವವರು ಯಾರಾದರೂ ದಯವಿಟ್ಟು ತರಬೇಕು.