ತಪ್ಪಿದ್ದು

ಬನಶಂಕರಿ ಬಸ್ ನಿಲ್ದಾಣದಲ್ಲಿ ಓಡೋಡಿ ಬಂದವನೊಬ್ಬ ಏದುಸಿರಿನಲ್ಲೇ ಫೋನಿಗೆ ಹೇಳುತ್ತಿದ್ದ: ‘ಬಸ್ ತಪ್ಪೋಯ್ತು.’ ತಪ್ಪಿದ್ದು ಬಸ್ಸು, ಅವನಲ್ಲ! ಎದ್ದದ್ದೇ ತಡವಾಗಿದ್ದರೂ ಕನ್ನಡದ ವ್ಯಾಕರಣ ಅವನನ್ನು ಬಿಟ್ಟುಕೊಡುವುದಿಲ್ಲ.

ಗುರಿ ತಪ್ಪುತ್ತದೆ, ದಾರಿ ತಪ್ಪುತ್ತದೆ, ತಾಳ ತಪ್ಪುತ್ತದೆ. ಗಂಡಾಂತರವೂ ತಪ್ಪುತ್ತದೆ, ಆಗ ಹರಕೆ ತೀರಿಸುತ್ತೇವೆ. ಮದುವೆ ಕಾಗದದಲ್ಲಿ ‘ತಪ್ಪದೆ ಬನ್ನಿ’. ಆಗತಾನೆ ನಿಲ್ಲಲು ಕಲಿತ ಮಗುವಿನದು ತಪ್ಪುಹೆಜ್ಜೆ. ಅದಕ್ಕೆ ಮನೆಮಂದಿಯೆಲ್ಲ ಚಪ್ಪಾಳೆ. ಅದೇ ಮಗು ಪಿಯುಸಿಯಲ್ಲಿ ಮುಗ್ಗರಿಸಿದರೆ ಚಪ್ಪಾಳೆಯಿಲ್ಲ.

ನಾನು ಗಣಿತದಲ್ಲಿ ಫೇಲಾದ ವರ್ಷ ನಮ್ಮ ಮನೆ ಜಯನಗರದಲ್ಲಿತ್ತು. ಹೆಸರಿನಲ್ಲೇ ಜಯವಿರುವ ಬಡಾವಣೆಯಲ್ಲಿ ಸೋತು ಕೂರುವುದು ಕಷ್ಟ. ಅಮ್ಮ ‘ಫೇಲು’ ಎಂದು ಬಾಯಿಬಿಟ್ಟವಳಲ್ಲ. ಪಕ್ಕದ ಮನೆಯವರಿಗೆ ‘ಲೆಕ್ಕ ಒಂದು ತಪ್ಪೋಯ್ತು’ ಎಂದಳು, ಹತ್ತು ನಿಮಿಷಕ್ಕೆ ಇನ್ನೊಂದು ಬಸ್ಸು ಬರುವ ಹಾಗೆ. ನನಗೆ ಕೇಳಿಸಿದ್ದು ‘ತಪ್ಪು ಮಾಡಿದೆ’ ಎಂದೇ. ಭಾನುವಾರದ ಆರಾಧನೆಯಲ್ಲಿ ಕರ್ತನ ಪ್ರಾರ್ಥನೆ ‘ತಪ್ಪು’ಗಳ ಹತ್ತಿರ ಬಂದಾಗ ನನ್ನ ದನಿ ತಾನಾಗಿ ಇಳಿಯುತ್ತಿತ್ತು.

ಮತ್ತಾಯನ ಗ್ರೀಕಿನಲ್ಲಿ ಆ ಜಾಗದಲ್ಲಿರುವುದು ‘ಸಾಲ’ ಎಂದು ತಿಳಿದದ್ದು ಎಷ್ಟೋ ವರ್ಷದ ಮೇಲೆ. ನಾವು ‘ಪಾಪ’ ಎನ್ನುವ ಕಡೆ ಇರುವ ‘ಹಮಾರ್ತಿಯಾ’ದ ಹಳೆಯ ಅರ್ಥವೋ, ಎಸೆದ ಈಟಿ ಗುರಿ ತಪ್ಪುವುದು. ಕನ್ನಡದ ಕಿವಿಗೆ ಇದೇನೂ ಹೊಸದಲ್ಲ. ಸಂಡೆ ಸ್ಕೂಲಿನ ‘ತಪ್ಪಿಹೋದ ಕುರಿ’ ತಪ್ಪು ಮಾಡಿದ ಕುರಿಯಲ್ಲವಲ್ಲ. ತೊಂಬತ್ತೊಂಬತ್ತನ್ನು ಬಿಟ್ಟು ಹುಡುಕಿ ಹೋದವನು ಅದನ್ನು ಹೆಗಲ ಮೇಲೆ ಹೊತ್ತು ತಂದ, ಏಕೆ ತಪ್ಪಿಸಿಕೊಂಡೆ ಎಂದು ಕೇಳಲಿಲ್ಲ.

ಎಂ.ಜಿ. ರಸ್ತೆಯಲ್ಲಿ ಪ್ರತಿಮೆಯಾಗಿ ನಿಂತ ಕಿಟೆಲ್ ಕೂಡ 1853ರಲ್ಲಿ ಬಾಸೆಲ್ ಮಿಷನ್ನಿನಿಂದ ಬಂದದ್ದು ಸುವಾರ್ತೆ ಸಾರಲು. ಅವನ ಪ್ರಸಂಗ ಯಾರಿಗೆ ನೆನಪಿದೆ? ಉಳಿದದ್ದು 1894ರ ಕನ್ನಡ-ಇಂಗ್ಲಿಷ್ ನಿಘಂಟು. ಈಟಿ ಬೇರೆ ಕಡೆ ನೆಟ್ಟಿತು ಎನ್ನಬಹುದೋ ಏನೋ.

ಬಿಟಿಎಂ ಕಡೆಯ ಬಾಡಿಗೆ ಸಭಾಂಗಣವೊಂದರಲ್ಲಿ ‘ನಿನಗೆ ಸೋಲೇ ಇಲ್ಲ’ ಎಂದು ಮೈಕಿನಲ್ಲಿ ಕೂಗುವುದನ್ನು ಕೇಳಿದ್ದೇನೆ. ನನಗದು ಹಿಡಿಸದು. ಸೋತವನಿಗೆ ಸೋಲಿಲ್ಲ ಎಂದರೆ ಅವನು ಇನ್ನಷ್ಟು ಒಂಟಿಯಾಗುತ್ತಾನೆ. ನನಗೆ ಹತ್ತಿರದವನು ಪೇತ್ರ. ಕೆಂಡದ ಬಳಿ ಚಳಿ ಕಾಯಿಸಿಕೊಳ್ಳುತ್ತ ಗುರುವನ್ನು ಅರಿಯೆನೆಂದವನು, ಆಮೇಲೊಂದು ರಾತ್ರಿ ಹಳೆಯ ಕಸುಬಿಗೇ ಹೊರಟ. ಬೆಳಗಿನ ತನಕ ಒಂದು ಮೀನೂ ಇಲ್ಲ. ದಡಕ್ಕೆ ಬಂದರೆ ಅಲ್ಲಿಯೂ ಕೆಂಡ, ಮೇಲೆ ಮೀನು, ಪಕ್ಕದಲ್ಲಿ ರೊಟ್ಟಿ. ಯೇಸು ಮೊದಲು ಊಟಕ್ಕೆ ಕರೆದ. ‘ನನ್ನನ್ನು ಪ್ರೀತಿಸುತ್ತೀಯಾ’ ಎಂದು ಮೂರು ಸಲ ಕೇಳಿದ್ದು ಉಂಡ ಮೇಲೆ.

ಫಲಿತಾಂಶದ ಮರುದಿನ ನಮ್ಮ ಮನೆಯಲ್ಲಿ ಉಪ್ಪಿಟ್ಟು. ಅಮ್ಮ ಲೆಕ್ಕದ ಮಾತೆತ್ತಿದ್ದು ಎರಡನೇ ಸಲ ಬಡಿಸಿದ ಮೇಲೆ.