ಮೇರುರಜ್ಜುವಿನ ಗೆಡ್ಡೆ: ಅನುಮಾನ ಮತ್ತು ಪ್ರತ್ಯಕ್ಷ

ಬೆಟ್ಟದ ಮೇಲೆ ಹೊಗೆಯನ್ನು ಕಂಡು ಅಲ್ಲಿ ಬೆಂಕಿಯುಂಟೆಂದು ನಿಶ್ಚಯಿಸುವುದು ಅನುಮಾನವೆಂದೂ, ಬೆಂಕಿಯನ್ನೇ ಕಣ್ಣಾರೆ ಕಾಣುವುದು ಪ್ರತ್ಯಕ್ಷವೆಂದೂ ನ್ಯಾಯಶಾಸ್ತ್ರಜ್ಞರು ಹೇಳುವರು. ಮೇರುರಜ್ಜುವಿನ, ಅಂದರೆ ಬೆನ್ನುಹುರಿಯ, ಗೆಡ್ಡೆಗಳ ಚಿಕಿತ್ಸೆಯಲ್ಲಿ ವೈದ್ಯರು ಬಹುಕಾಲ ಅನುಮಾನವೊಂದನ್ನೇ ನಂಬಬೇಕಾಗಿದ್ದಿತು.

ಈ ಹುರಿಯು ಎಲುಬಿನ ಕೊಳವೆಯೊಳಗೆ ಹುದುಗಿರುವುದು. ಅಲ್ಲಿ ಗೆಡ್ಡೆ ಬೆಳೆದರೆ ಹುರಿಯು ಅದುಮಲ್ಪಟ್ಟು, ಕೆಳಗಿನ ಅಂಗಗಳು ಸ್ಪರ್ಶವನ್ನೂ ಚಲನೆಯನ್ನೂ ಕ್ರಮೇಣ ಕಳೆದುಕೊಳ್ಳುವುವು. ಲಂಡನ್ ನಗರದಲ್ಲಿ 42 ವರ್ಷ ವಯಸ್ಸಿನ ಸೈನ್ಯಾಧಿಕಾರಿಯೊಬ್ಬನಿಗೆ ಹೀಗಾಯಿತು. ಮೂರು ವರ್ಷ ಬೆನ್ನಿನ ವೇದನೆಯನ್ನು ಸಹಿಸಿದ ಮೇಲೆ ಅವನ ಎರಡು ಕಾಲುಗಳೂ ಸ್ವಾಧೀನ ತಪ್ಪಿದುವು. ವಿಲಿಯಂ ಗೌವರ್ಸ್ ಎಂಬ ವೈದ್ಯರು ನೋವಿನ ಸ್ಥಾನವನ್ನೂ ಸ್ಪರ್ಶನಾಶದ ಎಲ್ಲೆಯನ್ನೂ ಪರೀಕ್ಷಿಸಿ, ಒಳಗೆ ಗೆಡ್ಡೆಯಿರಬೇಕೆಂದು ನಿರ್ಣಯಿಸಿದರು. 1887ನೆಯ ಇಸವಿ ಜೂನ್ 9ರಂದು ಶಸ್ತ್ರವೈದ್ಯ ವಿಕ್ಟರ್ ಹಾರ್ಸ್ಲಿಯವರು ಎಲುಬನ್ನು ಬಿಡಿಸಿ ನೋಡಿದರು. ಅಲ್ಲಿ ಏನೂ ಇರಲಿಲ್ಲ! ಅಷ್ಟಕ್ಕೇ ಗಾಯವನ್ನು ಹೊಲಿದುಬಿಟ್ಟಿದ್ದರೆ ರೋಗಿಗೆ ಬೇರೆ ಗತಿಯಿರುತ್ತಿರಲಿಲ್ಲ. ಹಾರ್ಸ್ಲಿಯವರು ಮೇಲುಗಡೆಯ ಎಲುಬನ್ನೂ ತೆಗೆದರು. ಆಗ ಗೆಡ್ಡೆ ಕಾಣಿಸಿತು. ಅದನ್ನು ತೆಗೆದ ಬಳಿಕ ಆ ರೋಗಿಯು ಮತ್ತೆ ನಡೆದಾಡಿದನು.

ಅನುಮಾನವು ಕೆಳಕ್ಕೆ ಜಾರಲು ಕಾರಣವಿದ್ದಿತು. ಚರ್ಮದ ಒಂದೊಂದು ಭಾಗಕ್ಕೂ ಒಂದಕ್ಕಿಂತ ಹೆಚ್ಚು ನರಮೂಲಗಳು ಸೇರುವುದರಿಂದ, ಒಂದು ಕೆಟ್ಟರೂ ನೆರೆಯದು ಸ್ಪರ್ಶವನ್ನು ಉಳಿಸುವುದು. ಈ ವ್ಯವಸ್ಥೆಯನ್ನು ಚಾರ್ಲ್ಸ್ ಷೆರಿಂಗ್ಟನ್ ಅವರು 1890ರ ದಶಕದಲ್ಲಿ ತೋರಿಸಿದರು. ಆದುದರಿಂದ ಸ್ಪರ್ಶನಾಶದ ಎಲ್ಲೆಯು ಗೆಡ್ಡೆಗಿಂತ ಕೆಳಗೆ ಕಾಣುವುದು.

1895ರಲ್ಲಿ ರಾಂಟ್ಜೆನ್ ಅವರು ಕಂಡುಹಿಡಿದ ಕ್ಷಕಿರಣವು ಎಲುಬನ್ನು ತೋರಿಸಿತೇ ಹೊರತು ಮೃದುವಾದ ಹುರಿಯನ್ನು ತೋರಿಸಲಿಲ್ಲ. ಪ್ಯಾರಿಸಿನ ಸಿಕಾರ್ ಮತ್ತು ಫೊರೆಸ್ಟಿಯೆ ಎಂಬವರು 1920ರ ದಶಕದ ಆದಿಯಲ್ಲಿ, ಗಸಗಸೆಯ ಎಣ್ಣೆಗೆ ಅಯೋಡಿನ್ ಕೂಡಿಸಿದ ದ್ರವವನ್ನು ಹುರಿಯ ಸುತ್ತಣ ಅವಕಾಶದೊಳಕ್ಕೆ ಬಿಟ್ಟರು. ಭಾರವಾದ ಆ ಎಣ್ಣೆಯು ಇಳಿಯುತ್ತ ಗೆಡ್ಡೆಯಿದ್ದೆಡೆ ತಡೆದು ನಿಂತು, ಕ್ಷಕಿರಣಚಿತ್ರದಲ್ಲಿ ನೆರಳಾಗಿ ಮೂಡುತ್ತಿತ್ತು. ಆದರೆ ಒಳಗೇ ಉಳಿದ ಎಣ್ಣೆಯು ಹುರಿಯ ಪೊರೆಗಳನ್ನು ಕೆರಳಿಸುವುದೂ ಉಂಟಾಗಿತ್ತು. 1973ರಲ್ಲಿ ಪಾಲ್ ಲಾಟರ್ಬರ್ ಅವರು ಅಯಸ್ಕಾಂತ ಕ್ಷೇತ್ರದಲ್ಲಿ ಜಲಜನಕದ ಪರಮಾಣುಗಳು ಕೊಡುವ ಸೂಚನೆಯಿಂದ ಚಿತ್ರವನ್ನು ರಚಿಸುವ ಮಾರ್ಗವನ್ನು ಪ್ರಕಟಿಸಿದರು. ಎಂ.ಆರ್.ಐ. ಎಂದು ಪ್ರಸಿದ್ಧವಾದ ಈ ವಿಧಾನದಿಂದ ಹುರಿಯೂ ಗೆಡ್ಡೆಯೂ ಪ್ರತ್ಯಕ್ಷವಾದುವು. ಇದಕ್ಕಾಗಿ ಅವರಿಗೂ ಪೀಟರ್ ಮ್ಯಾನ್ಸ್‌ಫೀಲ್ಡ್ ಅವರಿಗೂ 2003ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು.

ಹಾಗೆಂದು ಅನುಮಾನವು ನಿರುಪಯೋಗಿಯಾಯಿತೆನ್ನಲಾಗದು. ಯಾವ ನೋವೂ ಇಲ್ಲದವರ ಬೆನ್ನೆಲುಬಿನ ಚಿತ್ರದಲ್ಲಿಯೂ ಸವೆತವೂ ಉಬ್ಬುಗಳೂ ಕಾಣುವುದುಂಟು. ಕಂಡದ್ದೆಲ್ಲ ರೋಗಕ್ಕೆ ಕಾರಣವಲ್ಲ. ಚಿತ್ರದಲ್ಲಿನ ದೋಷವು ರೋಗಿಯ ಲಕ್ಷಣಗಳಿಗೆ ಹೊಂದುವುದೇ ಎಂದು ವೈದ್ಯನು ಇಂದಿಗೂ ವಿಚಾರಿಸಲೇಬೇಕು. ಗೌವರ್ಸ್ ಅವರು ರೋಗಿಯ ಹಾಸಿಗೆಯ ಬಳಿ ಮಾಡಿದ ಪರೀಕ್ಷೆಯನ್ನು ಯಾವ ಯಂತ್ರವೂ ಬಿಡಿಸಿಲ್ಲ.