ರೌಟರ್‌ನ ಸೀರಿಯಲ್ ಲಿಂಕ್: ಡ್ಯೂಪ್ಲೆಕ್ಸ್ ಮತ್ತು ಬ್ಯಾಂಡ್‌ವಿಡ್ತ್ ಎಂದರೇನು?



ಬಹರೈನಿನಲ್ಲಿ ನೆಟ್‌ವರ್ಕ್ ಕ್ಷೇತ್ರದಲ್ಲಿ ದುಡಿಯುವ, ಅದಕ್ಕಾಗಿ ಓದುತ್ತಿರುವ ನಮ್ಮವರು ಅನೇಕರಿದ್ದಾರೆ. ಅವರಿಗೂ, ಕುತೂಹಲವುಳ್ಳ ಎಲ್ಲರಿಗೂ ಉಪಯೋಗವಾಗಲೆಂದು ಈ ಎರಡು ಪದಗಳನ್ನು ಸರಳವಾಗಿ ವಿವರಿಸುತ್ತಿದ್ದೇವೆ.

ಡ್ಯೂಪ್ಲೆಕ್ಸ್

ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲಿ ರೈಲಿಗೆ ಒಂದೇ ಹಳಿ. ಒಂದು ರೈಲು ಬರುವವರೆಗೆ ಎದುರಿನ ರೈಲು ಕಾಯಬೇಕು. ಇದು ಹಾಫ್ ಡ್ಯೂಪ್ಲೆಕ್ಸ್. 1986ರಲ್ಲಿ ತೆರೆದ, ಸುಮಾರು 25 ಕಿ.ಮೀ. ಉದ್ದದ ಕಿಂಗ್ ಫಹದ್ ಸೇತುವೆಯಲ್ಲಿ ಸೌದಿಗೆ ಹೋಗುವ ಮತ್ತು ಬರುವ ದಾರಿಗಳು ಬೇರೆ ಬೇರೆ. ಇದು ಫುಲ್ ಡ್ಯೂಪ್ಲೆಕ್ಸ್.

ವಿ.35 ಕೇಬಲ್ ಬಳಸುವ ಸೀರಿಯಲ್ ಲಿಂಕ್‌ನಲ್ಲಿ ಕಳಿಸಲು ಒಂದು ಜೋಡಿ ತಂತಿ, ಪಡೆಯಲು ಇನ್ನೊಂದು ಜೋಡಿ. ಹಾಗಾಗಿ ಅದು ಫುಲ್ ಡ್ಯೂಪ್ಲೆಕ್ಸ್. ಈಥರ್ನೆಟ್ ಪೋರ್ಟಿನಂತೆ ಇಲ್ಲಿ ಹಾಫ್, ಫುಲ್ ಎಂದು ಆರಿಸಬೇಕಿಲ್ಲ.

ವೇಗ

ಕೊಲ್ಲಿ ದೇಶಗಳಲ್ಲೂ ಭಾರತದಲ್ಲೂ ಬಳಕೆಗೆ ಬಂದ ಇ1 ಲಿಂಕ್‌ನ ವೇಗ 2.048 ಎಂಬಿಪಿಎಸ್ (64 ಕೆಬಿಪಿಎಸ್‌ನ 32 ಚಾನೆಲ್‌ಗಳು). ಇದು ಪ್ರತಿ ದಿಕ್ಕಿಗೂ ಪೂರ್ತಿಯಾಗಿ ಸಿಗುತ್ತದೆ, ಎರಡು ದಿಕ್ಕಿಗೆ ಹಂಚಿಹೋಗುವುದಿಲ್ಲ. ಎರಡನ್ನೂ ಕೂಡಿಸಿ "4 ಎಂಬಿ" ಎನ್ನುವುದೂ ದಾರಿ ತಪ್ಪಿಸುವ ಮಾತು. ಡೌನ್‌ಲೋಡ್ 2ಕ್ಕಿಂತ ವೇಗವಾಗಿ ಬರುವುದಿಲ್ಲ.

ಬ್ಯಾಂಡ್‌ವಿಡ್ತ್ ಕಮಾಂಡ್

ಹೆಚ್ಚಿನ ಗೊಂದಲ ಇಲ್ಲಿದೆ. ಸಿಸ್ಕೋ ರೌಟರ್‌ನಲ್ಲಿ ಈ ಕಮಾಂಡ್ ಲಿಂಕ್‌ನ ವೇಗವನ್ನು ಬದಲಿಸುವುದಿಲ್ಲ. ವೇಗವನ್ನು ನಿರ್ಧರಿಸುವುದು ಡಿಸಿಇ ಕಡೆಯ ಕ್ಲಾಕ್. ಬ್ಯಾಂಡ್‌ವಿಡ್ತ್ ಎಂಬುದು ಓಎಸ್‌ಪಿಎಫ್, ಇಐಜಿಆರ್‌ಪಿ ಮುಂತಾದ ರೌಟಿಂಗ್ ಪ್ರೋಟೋಕಾಲ್‌ಗಳಿಗೆ ನಾವು ಕೊಡುವ ಮಾಹಿತಿ ಮಾತ್ರ.

ನಾವು ಏನೂ ಹೇಳದಿದ್ದರೆ ಸಾಮಾನ್ಯ ಸೀರಿಯಲ್ ಪೋರ್ಟ್ ತನ್ನನ್ನು 1544 ಕೆಬಿಪಿಎಸ್ ಎಂದುಕೊಳ್ಳುತ್ತದೆ. ಅದು ಅಮೆರಿಕದ ಟಿ1 ಅಳತೆ, ನಮ್ಮಲ್ಲಿಯದಲ್ಲ.

ಒಂದು ಉದಾಹರಣೆ: ಮನಾಮಾದ ಕಚೇರಿಯಿಂದ ಮುಹರ್ರಕ್ ಶಾಖೆಗೆ ಒಂದು ಇ1 ಲಿಂಕ್, ಜೊತೆಗೆ 64 ಕೆಬಿಪಿಎಸ್‌ನ ಬ್ಯಾಕಪ್ ಲಿಂಕ್ ಇದೆ ಎಂದುಕೊಳ್ಳಿ. ಸರಿಯಾದ ಅಂಕಿ ಕೊಡದಿದ್ದರೆ ಎರಡಕ್ಕೂ ಓಎಸ್‌ಪಿಎಫ್ ಕಾಸ್ಟ್ 64. ರೌಟರ್ ಎರಡನ್ನೂ ಸಮಾನವೆಂದು ಭಾವಿಸಿ ಸಂಚಾರವನ್ನು ಹಂಚುತ್ತದೆ. ನಿಧಾನದ ದಾರಿಗೆ ಬಿದ್ದ ಫೋನ್ ಕರೆ ತುಂಡು ತುಂಡಾಗುತ್ತದೆ, ಫೈಲ್ ತೆವಳುತ್ತದೆ. 2048 ಮತ್ತು 64 ಎಂದು ಬರೆದರೆ ಕಾಸ್ಟ್ 48 ಮತ್ತು 1562 ಆಗುತ್ತದೆ. ಆಗ ಇ1 ಲಿಂಕ್ ಕೆಟ್ಟಾಗ ಮಾತ್ರ ಬ್ಯಾಕಪ್ ಬಳಕೆಯಾಗುತ್ತದೆ.

ಇಂದು ಬಹುತೇಕ ಕಡೆ ಸೀರಿಯಲ್ ಲಿಂಕ್ ಬದಲಿಗೆ ಫೈಬರ್ ಈಥರ್ನೆಟ್ ಬಂದಿದೆ. ಆದರೂ ಈ ತತ್ವಗಳು ಹಳತಾಗಿಲ್ಲ. ಮನೆಯ ವೈಫೈ ಕೂಡ ಹಾಫ್ ಡ್ಯೂಪ್ಲೆಕ್ಸ್: ಒಂದು ಚಾನೆಲ್‌ನಲ್ಲಿ ಎಲ್ಲ ಸಾಧನಗಳೂ ಸರದಿಯಂತೆ ಮಾತಾಡಬೇಕು. ಊರಿಗೆ ವೀಡಿಯೋ ಕರೆ ಮಾಡುವಾಗ ಚಿತ್ರ ನಿಂತರೆ, ಮೊದಲು ಉಳಿದ ಡೌನ್‌ಲೋಡ್‌ಗಳನ್ನು ನಿಲ್ಲಿಸಿ ನೋಡಿ.